ಕದರಪ್ಪನ ಎರಡು ಒತ್ತು

ಕದರಪ್ಪ ಶಿರಾದ ಒಂದು ಧರ್ಮಾಸ್ಪತ್ರೆಯಲ್ಲಿ ಹದಿನೆಂಟು ವರ್ಷ ಚೀಟಿಗಳಿಗೆ ಮೊಹರು ಹಾಕಿದವರು. ಮೊದಲು ಇಂಕಿನ ಪ್ಯಾಡಿಗೆ, ಆಮೇಲೆ ಚೀಟಿಗೆ. ಟಕ್, ಟಕ್. ಆ ಕೈ ಒಂದೇ ಏಟಿಗೆ ನಿಲ್ಲುತ್ತಿರಲಿಲ್ಲ. ಬಾಗಿಲು ತಟ್ಟಿದರೂ ಎರಡೇ ಸಲ.

೧೯೮೮ರಲ್ಲಿ ಯಾರೋ ಹೊರದೇಶದವರು ಆ ಆಸ್ಪತ್ರೆಗೆ ಕಂಪ್ಯೂಟರ್ ದಾನ ಕೊಟ್ಟರು. ಕ್ಷಯದ ಮಾತ್ರೆ ಪಡೆಯುವವರ ಪಟ್ಟಿ ಇನ್ನು ಅದರಲ್ಲೇ. ಪ್ರೋಗ್ರಾಂ ಬರೆದವನು ನಾನು, ಅದನ್ನು ನಡೆಸುವವರು ಕದರಪ್ಪ. ನನ್ನಷ್ಟು ಬುದ್ಧಿವಂತ ಇಡೀ ತುಮಕೂರು ಜಿಲ್ಲೆಯಲ್ಲಿ ಇಲ್ಲವೆಂದುಕೊಂಡಿದ್ದ ಕಾಲ. ಪರದೆಯ ಮೇಲೆ ಒಂದೊಂದು ಊರಿನ ಪಟ್ಟಿ. ಮೌಸ್ ಹಿಡಿದು ಹೆಸರಿನ ಮೇಲೆ ಒಮ್ಮೆ ಒತ್ತಿದರೆ ರೋಗಿಯ ಕಾರ್ಡು ತೆರೆಯುತ್ತದೆ. ಕಾರ್ಡಿನ ತಳದಲ್ಲಿ ‘ಚಿಕಿತ್ಸೆ ಮುಗಿಯಿತು’ ಎಂಬ ಗುಂಡಿ. ಅದನ್ನು ಒತ್ತಿದರೆ ಹೆಸರು ಪಟ್ಟಿಯಿಂದ ಹೋಗುತ್ತದೆ. ‘ನಿಜವಾಗಿ ತೆಗೆಯಬೇಕೇ?’ ಎಂದು ಕೇಳುವ ಸಾಲನ್ನು ನಾನು ಬರೆದಿರಲಿಲ್ಲ.

ಕಳ್ಳಂಬೆಳ್ಳದ ಪಟ್ಟಿ ಎಲ್ಲಕ್ಕಿಂತ ಉದ್ದ. ಅದರ ಕೊನೆಯ ಹೆಸರು ಭೀಮಕ್ಕ, ಕುರಿ ಮೇಯಿಸುವ ಹೆಂಗಸು. ಕಾರ್ಡು ತೆರೆದಾಗ ಸರಿಯಾಗಿ ಅವಳ ಹೆಸರಿದ್ದ ಜಾಗಕ್ಕೇ ಆ ಗುಂಡಿ ಬರುತ್ತಿತ್ತು. ಪಟ್ಟಿ ಕಂಪ್ಯೂಟರಿಗೆ ಬಂದ ಮೊದಲ ತಿಂಗಳೇ, ಅವಳಿಗೆ ಮೂರನೇ ತಿಂಗಳ ಮಾತ್ರೆ ಕೊಟ್ಟು, ಅದನ್ನು ಗುರುತು ಹಾಕಲು ಕದರಪ್ಪ ಅವಳ ಹೆಸರು ಒತ್ತಿದರು. ಟಕ್, ಟಕ್. ಮೊದಲನೆಯದಕ್ಕೆ ಕಾರ್ಡು ತೆರೆಯಿತು, ಎರಡನೆಯದು ಗುಂಡಿಯ ಮೇಲೆ ಬಿತ್ತು.

ಮುಂದಿನ ತಿಂಗಳು ಅವಳು ಬಂದಾಗ ಹೆಸರಿಲ್ಲ.

“ಮಿಷಿನ್ನಾಗಿಂದ ನಿನ್ ಹೆಸ್ರು ಹೋಗೈತೆ, ಅಂದ್ರೆ ನಿನ್ದು ಮುಗೀತು ಅಂತ ಕಣಕ್ಕ. ವಾಸಿ ಆಗೋಯ್ತು, ಇನ್ ಮಾತ್ರೆ ಬ್ಯಾಡ” ಎಂದರು ಕದರಪ್ಪ. ಅವರಿಗೂ ನಿಜವಾಗಿ ಸಂತೋಷವಾಗಿತ್ತು.

“ನಿನ್ ಬಾಯಿಗೆ ಸಕ್ರೆ ಹಾಕ” ಎಂದು ಹರಸಿ ಭೀಮಕ್ಕ ಬಸ್ಸು ಹತ್ತಿದಳು. ದೀಪಾವಳಿಯ ಹೊತ್ತಿಗೆ ರಕ್ತ ಕಾರುತ್ತ ಹಾಸಿಗೆ ಹಿಡಿದಳು.

ಆಸ್ಪತ್ರೆಯ ಕಾರ್ಯದರ್ಶಿ ವೆಂಕಟರಾಮಯ್ಯ ನನ್ನನ್ನು ಕರೆಸಿದರು. ಕದರಪ್ಪನ ಕೈ ಮೌಸ್ ಮೇಲೆ ಆಡುವುದನ್ನು ಎರಡು ನಿಮಿಷ ನೋಡಿದೆ, ಎಲ್ಲ ಗೊತ್ತಾಯಿತು. ಆದರೂ ಹೇಳಿದ್ದೇನು? “ಪ್ರೋಗ್ರಾಂ ಸರಿಯಾಗಿದೆ ಸಾರ್. ಇವರು ಎರಡೆರಡು ಸಲ ಒತ್ತುತ್ತಾರೆ.” ಅಂದು ಮಧ್ಯಾಹ್ನ ಒಬ್ಬನೇ ಕೂತು ಗುಂಡಿಯನ್ನು ಬೇರೆ ಮೂಲೆಗೆ ಸರಿಸಿದೆ. ಕಾರ್ಡು ತೆರೆದ ಮೇಲೆ ಒಂದು ಸೆಕೆಂಡಿನವರೆಗೆ ಇನ್ನೊಂದು ಒತ್ತನ್ನು ಲೆಕ್ಕಕ್ಕೆ ತೆಗೆದುಕೊಳ್ಳದಂತೆ ನಾಲ್ಕು ಸಾಲು ಸೇರಿಸಿದೆ. ಯಾರಿಗೂ ಹೇಳಲಿಲ್ಲ. ನನ್ನ ಹೇಡಿತನಕ್ಕೆ ಇವತ್ತಿಗೂ ಅಸಹ್ಯಪಡುತ್ತೇನೆ.

ಕದರಪ್ಪನನ್ನು ಕೆಲಸದಿಂದ ತೆಗೆದರು. ಅವರು ಮಾತ್ರೆ ತಲುಪಿಸಲು ಕಳ್ಳಂಬೆಳ್ಳಕ್ಕೆ ಹೊರಟ ಜೀಪಿನಲ್ಲಿ ತಾನೂ ಬರುತ್ತೇನೆಂದರು. ವೆಂಕಟರಾಮಯ್ಯ ನನ್ನನ್ನೂ ಕಳಿಸಿದರು.

ಭೀಮಕ್ಕ ಜಗಲಿಯ ಮೇಲೆ ಕಂಬಳಿ ಹೊದ್ದು ಮಲಗಿದ್ದಳು. ಕದರಪ್ಪ ಅವಳ ಕಾಲು ಹಿಡಿದುಕೊಂಡರು.

“ಬುಡಪ್ಪ, ನೀನೇನ್ ಮಾಡೀಯ. ಆ ಮಿಷಿನ್ ಹೇಳ್ತು, ನೀನು ಅಂಗೇ ಹೇಳ್ದೆ” ಎಂದಳು ಆಕೆ.

“ಇಲ್ಲ ಕಣಕ್ಕ. ಮಿಷಿನ್ ಸರಿಯಾಗೈತಂತೆ. ನನ್ ಕೈಯ್ಯೇ ಕೆಟ್ಟದ್ದು. ಬೇಕಾದ್ರೆ ಕೇಳು, ಅದನ್ನ ಮಾಡ್ದೋರು ಇಲ್ಲೇ ಅವ್ರೆ.”

ಭೀಮಕ್ಕ ಕಷ್ಟಪಟ್ಟು ಕತ್ತು ಹೊರಳಿಸಿ ನನ್ನನ್ನು ನೋಡಿದಳು. ನಾನು ಹೌದೆಂದು ತಲೆಯಾಡಿಸಿದೆ.