ಮನೋರಮಕ್ಕ ಬರೆದ ಹೆಸರು

ಮನೋರಮಕ್ಕನ ಬಾಯಿ ನನಗೆ ಎಂದೂ ಹಿಡಿಸಿದ್ದಲ್ಲ. ಅಲೆವೂರಿನ ಗೇರುಬೀಜ ಕಾರ್ಖಾನೆಯಲ್ಲಿ ಅವರು ಮೇಲ್ವಿಚಾರಕಿ, ಬರ್ತಾ ಎಂಬ ನಾನು ಕೂಲಿಯವಳು. ಬೆಳಿಗ್ಗೆ ಒಳಗೆ ಕಾಲಿಡುವುದರೊಳಗೆ ಶುರು: "ಬರ್ತಾ, ಇವತ್ತು ಒಣಗಿಸುವ ಕೋಣೆ ನಿನಗೆ. ಮೂರು ಗಂಟೆಗೆ ಟ್ರೇ ಹೊರಗೆ. ನಾನು ಎಂತ ಹೇಳಿದೆ, ಹೇಳು ನೋಡುವ." ಶಾಲೆಯ ಮಕ್ಕಳಂತೆ ಒಪ್ಪಿಸಬೇಕಿತ್ತು. ಮೈ ಉರಿಯುತ್ತಿತ್ತು. ಹದಿನೆಂಟು ವರ್ಷದಲ್ಲಿ ಒಂದು ಟ್ರೇಯೂ ಸುಡಲಿಲ್ಲ ಎನ್ನುವುದೂ ನಿಜ.

ಹೊಸ ಮ್ಯಾನೇಜರ್ ಶ್ರವಣ್ ಬಂದವನೇ 'ನಾವೆಲ್ಲ ಒಂದೇ ಕುಟುಂಬ' ಎಂದು ಗೋಡೆಗೆ ಬೋರ್ಡು ಹೊಡೆಸಿದ. ಹೆಸರು ಹಿಡಿದು ಕೆಲಸ ಹೇಳುವುದು ದರ್ಬಾರಂತೆ. ಇನ್ನು ಎಲ್ಲರೂ ಎಲ್ಲವನ್ನೂ ನೋಡಿಕೊಳ್ಳಬೇಕಂತೆ. ನಾವು ಚಪ್ಪಾಳೆ ತಟ್ಟಿದೆವು. ನಾನೇ ಎಲ್ಲರಿಗಿಂತ ಜೋರಾಗಿ ತಟ್ಟಿದೆ.

ಎರಡನೇ ವಾರ, "ಒಣಗಿಸುವ ಕೋಣೆ ಯಾರಾದರೂ ನೋಡಿ" ಎಂದು ಬಾಗಿಲಲ್ಲೇ ಹೇಳಿ ಶ್ರವಣ್ ಮಣಿಪಾಲಕ್ಕೆ ಹೋದ. ಮೂರು ಗಂಟೆಗೆ ಸುಟ್ಟ ವಾಸನೆ ನನ್ನ ಮೂಗಿಗೂ ಬಡಿಯಿತು. ನನಗೆ ಯಾರೂ ಹೇಳಿಲ್ಲವಲ್ಲ ಎಂದು ಕೂತೇ ಇದ್ದೆ. ಎಲ್ಲರೂ ಕೂತಿದ್ದರು; ಮನೋರಮಕ್ಕ ಗೋದಾಮಿನಲ್ಲಿ ಚೀಲ ಎಣಿಸುತ್ತಿದ್ದರು. ನಲವತ್ತು ಟ್ರೇ ಬೀಜ ಕಪ್ಪಾಯಿತು.

ಸಂಜೆ ಅವನು ವರದಿಯ ಹಾಳೆ ಹಿಡಿದು ಬಂದ. ಬಾಗಿಲ ಪಕ್ಕದ ಮೇಜಿನ ಶರ್ಮಿಳಾ ಸೇರಿ ಎರಡು ತಿಂಗಳಾಗಿತ್ತಷ್ಟೆ; ಅವಳತ್ತ ಬೆರಳು ತೋರಿಸಿದ.

"ಹೊಣೆ ಯಾರದ್ದು ಎಂಬಲ್ಲಿ ಇವಳ ಹೆಸರು ಬರೆಯಿರಿ ಮನೋರಮಕ್ಕ. ಕೆಲಸದಿಂದ ತೆಗೆದುಹಾಕುವ. ಇಲ್ಲದಿದ್ದರೆ ನೀವು ನಾಳೆಯಿಂದ ಸಿಪ್ಪೆ ತೆಗೆಯಲಿಕ್ಕೆ ಕೂರಿ."

"ಇವಳಿಗೆ ಆ ಕೆಲಸ ಹೇಳಿದ್ದು ಯಾರು ಸರ್?"

ಅವನು ಹಾಳೆಯನ್ನು ಇನ್ನಷ್ಟು ಹತ್ತಿರ ಸರಿಸಿದ. ಮನೋರಮಕ್ಕ ಪೆನ್ನು ತೆಗೆದುಕೊಂಡು 'ಶ್ರವಣ್' ಎಂದು ಬರೆದು ಹಾಳೆಯನ್ನು ಅವನತ್ತ ತಳ್ಳಿದರು. "ಮೊದಲಿನ ಹಾಗೆ ಕೆಲಸ ಹೇಳುವವಳು ನಾನಾಗಿದ್ದರೆ ನನ್ನ ಹೆಸರು ಬರೆಯುತ್ತಿದ್ದೆ."

ಅವನು ಅದನ್ನು ಹರಿದು, ಇನ್ನೊಂದು ಹಾಳೆ ನನ್ನ ಮುಂದಿಟ್ಟ. "ನೀವು ಬರೆಯಿರಿ ಬರ್ತಾ. ನಾಳೆಯಿಂದ ಮೇಲ್ವಿಚಾರಕಿ ನೀವೇ."

ಶರ್ಮಿಳಾ ಎದುರಿಗೇ ನಿಂತಿದ್ದಳು. ನಾನು ಅವಳ ಹೆಸರು ಬರೆದೆ. ಅಕ್ಷರ ದುಂಡಗೇ ಬಂತು.

ಮರುದಿನ ಅವಳು ಇರಲಿಲ್ಲ. ಮನೋರಮಕ್ಕ ಸಿಪ್ಪೆ ತೆಗೆಯುವ ಮೇಜಿನಲ್ಲಿ ಕೂತಿದ್ದರು. ನಾನು ಅವರ ಮುಖ ನೋಡದೆ ಕೆಲಸ ಹೇಳಿದೆ. ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷ ದೊಡ್ಡವರಾದ ಅವರು ಎದ್ದು ನಿಂತು, "ಆಯಿತು ಮೇಡಂ" ಎಂದರು.