ಒಬ್ಬರಿಗೇ ಕೇಳುವ ಹಾಡು

ಮಗು ತಿರುಗಿ ನೋಡಲಿಲ್ಲ. ಅದೊಂದೇ ತೆಲೇಸಿಯಾಳ ತಲೆಯಲ್ಲಿ ಕೂತುಬಿಟ್ಟಿತ್ತು. ಬೆಳಿಗ್ಗೆ ಚಾಪೆ ಸುತ್ತುವಾಗಲೂ ಅದೇ, ತೆಂಗಿನಕಾಯಿ ತುರಿಯುವಾಗಲೂ ಅದೇ. ಹಿಂದಿನ ವಾರ ದೀವಿಹಲಸಿನ ಕಾಯೊಂದು ಅಡುಗೆಮನೆಯ ತಗಡಿನ ಮೇಲೆ ಧೊಪ್ಪೆಂದು ಬಿದ್ದಿತ್ತು. ನಾಯಿ ಎದ್ದು ಓಡಿತು, ಕೋಳಿಗಳು ಚೆದುರಿದವು. ಎಂಟು ತಿಂಗಳ ಮರೆಕೊ ಮಾತ್ರ ತನ್ನ ಕಾಲ್ಬೆರಳು ಹಿಡಿದುಕೊಂಡು ಆಡುತ್ತಲೇ ಇದ್ದ.

"ಎಷ್ಟು ಧೈರ್ಯ ನೋಡೇ ನನ್ನ ಮೊಮ್ಮಗನಿಗೆ," ಎಂದಿದ್ದಳು ಅತ್ತೆ ಮತಲೇನಾ. "ಅವನ ತಾತನೂ ಹಿಂಗೇ. ಬಿರುಗಾಳಿಗೆ ಸೂರು ಹಾರಿಹೋದ್ರೂ ಗೊರಕೆ ಹೊಡೀತಿದ್ರು."

ತೆಲೇಸಿಯಾ ಸೊಂಟದ ಬಟ್ಟೆಗೆ ಸಿಕ್ಕಿಸಿದ್ದ ಪುಟ್ಟ ಪ್ಲೇಯರಿನ ಗುಂಡಿ ಒತ್ತಿ, ಇಯರ್‌ಫೋನನ್ನು ಎರಡೂ ಕಿವಿಗೆ ಇಟ್ಟುಕೊಂಡಳು.

ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಆ ನೀಲಿ ಪ್ಲೇಯರ್ ಅವಳ ಜೊತೆ ರಾಜಧಾನಿ ಅಪಿಯಾದಿಂದ ಬಂದದ್ದು. ಅವಳು ಹುಟ್ಟಿ, ಓದಿ, ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದದ್ದು ಎಲ್ಲ ಅಪಿಯಾದಲ್ಲೇ. ದ್ವೀಪದಿಂದ ದ್ವೀಪಕ್ಕೆ ಓಡಾಡುವ ಹಡಗಿನಲ್ಲಿ ದುಡಿಯುವ ಇಓಸುವಾನನ್ನು ಮದುವೆಯಾಗಿ ಸವಾಯಿ ದ್ವೀಪದ ಈ ಹಳ್ಳಿಗೆ ಬಂದಾಗ, ಮನೆಗೆ ಗೋಡೆಗಳೇ ಇರಲಿಲ್ಲ. ಸುತ್ತ ಕಂಬಗಳು, ಮೇಲೆ ಸೂರು, ಅಷ್ಟೇ. ಯಾರು ಕೆಮ್ಮಿದರೂ ಕೇಳುತ್ತಿತ್ತು, ಯಾರು ಸೊಸೆಯನ್ನು ಆಡಿಕೊಂಡರೂ ಕೇಳುತ್ತಿತ್ತು. ಗಂಡ ಭಾನುವಾರಕ್ಕೊಮ್ಮೆ ಬರುವನು. ಉಳಿದ ದಿನಗಳಲ್ಲಿ ಆ ಮನೆಗೆ ಇಲ್ಲದ ಗೋಡೆಗಳನ್ನು ಪ್ಲೇಯರೇ ಅವಳಿಗೆ ಕಟ್ಟಿಕೊಟ್ಟಿತು. ಹೆರಿಗೆಯಾದ ಮೇಲಂತೂ ಅಳುವೂ ಬರದೆ, ನಗುವೂ ಬರದೆ ಸುಮ್ಮನೆ ಕೂತಿರುತ್ತಿದ್ದಾಗ ಅವಳನ್ನು ಹಿಡಿದು ನಿಲ್ಲಿಸಿದ್ದು ಅದೇ. ಅದು ಅವಳನ್ನು ಏನೂ ಕೇಳುತ್ತಿರಲಿಲ್ಲ. ಮಗು ಹಾಲು ಕುಡಿಯಿತೇ ಎಂದು ಕೂಡ.

ಆದರೆ ಅತ್ತೆ ಕರೆದದ್ದು ಅವಳಿಗೆ ಕೇಳುತ್ತಿರಲಿಲ್ಲ. ಒಲೆಯ ಮೇಲೆ ಕೋಕೋ ಉಕ್ಕಿ ಹರಿದರೂ ತಿಳಿಯುತ್ತಿರಲಿಲ್ಲ. ಮುಂಡಿಗೆ ಓಲೆಯ ಚಾಪೆ ಹೆಣೆಯಲು ಊರಿನ ಹೆಂಗಸರು ಒಟ್ಟಿಗೆ ಕೂತಾಗ ಮತಲೇನಾ ಎಲ್ಲರೆದುರಿಗೂ ಎತ್ತಿ ಆಡುತ್ತಿದ್ದಳು.

"ಇದೆಂಥಾ ಹಾಡೇ ನಿಂದು? ಮನೆ ತುಂಬ ಜನ ಇದೀವಿ, ಕೇಳೋಳು ನೀನೊಬ್ಳೇ. ಹಂಡೆ ತುಂಬ ಅಡುಗೆ ಮಾಡಿ, ಎಲ್ರಿಗೂ ಬೆನ್ನು ಹಾಕ್ಕೊಂಡು ತಿಂದಂಗೆ."

ಹೆಂಗಸರು ನಕ್ಕರು. ತೆಲೇಸಿಯಾ ಇಯರ್‌ಫೋನಿನ ಒಂದು ತುದಿ ತೆಗೆದು ಅತ್ತೆಯತ್ತ ಚಾಚಿದಳು.

"ನನಗ್ಯಾಕೆ ಅರ್ಧ ಹಾಡು? ಹಾಡೆಲ್ಲ ನಿನ್ನ ಕಿವಿಗೇ ಹೋದ್ರೆ ಮಗುಗೇನೇ ಉಳಿಯುತ್ತೆ?"

ತಮಾಷೆಯ ಮಾತು. ಆದರೂ ಅದು ಮುಳ್ಳಿನಂತೆ ಒಳಗೇ ಮುರಿದುಕೊಂಡಿತು. ಬಸುರಿಯಾಗಿದ್ದಾಗ ಹೊಟ್ಟೆಯ ಮೇಲೆ ಇಯರ್‌ಫೋನ್ ಇಟ್ಟು ಜೋರಾಗಿ ಹಾಡು ಹಾಕಿದ್ದಳು, ಅದರಿಂದ ಹೀಗಾಯಿತೇ? ಅಥವಾ ಹುಟ್ಟಿದ ಮೇಲೆ ಒಂದು ಜೋಗುಳವನ್ನೂ ಬಾಯಿಬಿಟ್ಟು ಹಾಡದೆ ಹೀಗಾಯಿತೇ? ಒಂದು ದಿನ ಹಾಗನಿಸುವುದು, ಮರುದಿನ ಹೀಗೆ. ಲಸಿಕೆ ಹಾಕಲು ಬಂದಿದ್ದ ನರ್ಸು, ಏನಾದರೂ ಅನುಮಾನ ಬಂದರೆ ಫೋನ್ ಮಾಡು ಎಂದು ಅಪಿಯಾದ ಆಸ್ಪತ್ರೆಯ ನಂಬರು ಕೊಟ್ಟುಹೋಗಿದ್ದಳು. ಅದು ಫೋನಿನಲ್ಲೇ ಇತ್ತು, ಅವಳು ಕರೆ ಮಾಡಿರಲಿಲ್ಲ. ಕಿವಿ ಮುಚ್ಚಿಕೊಂಡಿದ್ದಷ್ಟು ಹೊತ್ತು ಮಾತ್ರ ಒಂದು ಸಮಾಧಾನ: ನನಗೂ ಕೇಳಲಿಲ್ಲ, ಅವನಿಗೂ ಕೇಳಲಿಲ್ಲ.

ಬುಧವಾರ ಸಂಜೆ ಮಗುವನ್ನು ಸೊಂಟಕ್ಕೇರಿಸಿಕೊಂಡು ಸೋಪು ತರಲು ಅಂಗಡಿಗೆ ಹೋದಳು. ಕಿವಿಯಲ್ಲಿ ಹಾಡು. ಬರುವಾಗ ರಸ್ತೆ ಯಾಕೋ ಬಿಕೋ ಎನ್ನುತ್ತಿತ್ತು. ಅವಳು ಗಮನಿಸಲಿಲ್ಲ. ಚರ್ಚಿನ ತಿರುವಿನಲ್ಲಿ ಯಾರೋ ಹಿಂದಿನಿಂದ ಬಂದು ಅಡ್ಡ ನಿಂತರು. ಗಂಡನ ಚಿಕ್ಕಪ್ಪ ಫಿಲಿಪೊ, ಪ್ರಾರ್ಥನೆಯ ಹೊತ್ತಿಗೆ ರಸ್ತೆ ಕಾಯುವವನು. ಕೈಯಲ್ಲಿ ಶಂಖ.

ಅವಳು ಇಯರ್‌ಫೋನ್ ಕಿತ್ತಳು. ಸಂಜೆಯ ಪ್ರಾರ್ಥನೆಗೆ ಶಂಖ ಊದಿದ ಮೇಲೆ ಈ ಊರಿನ ರಸ್ತೆಯಲ್ಲಿ ಯಾರೂ ನಡೆಯುವಂತಿಲ್ಲ.

"ನಿನ್ನ ಬೆನ್ನ ಹಿಂದೇನೇ ನಿಂತು ಊದಿದೀನಿ ಕಣಮ್ಮ," ಎಂದ ಫಿಲಿಪೊ. "ದಂಡ ಅಂತೂ ತಪ್ಪಲ್ಲ. ಮೀನಿನ ಡಬ್ಬಿ ತಗೊಂಡು ಬಾ ಅಂತ ಮತಲೇನಾಗೆ ಹೇಳು. ಒಳ್ಳೇದು ತರ್ಬೇಕು, ಹೋದ್ಸಲದ್ದು ನಾಯಿನೂ ಮೂಸ್ಲಿಲ್ಲ."

"ಕೇಳಿಸ್ಲಿಲ್ಲ ಚಿಕ್ಕಮಾವ."

"ನಿನ್ನ ಕಿವೀಲಿ ಬಿರಡೆ ಇತ್ತು, ಸರಿ." ಅವನು ಮರೆಕೊನ ಮುಖವನ್ನೇ ನೋಡಿದ. "ಈ ಕೂಸಿಗೇನಾಗಿತ್ತು? ಶಂಖ ಊದಿದ್ರೆ ನನ್ನ ಮೊಮ್ಮಕ್ಳು ಕಿರುಚಿ ಊರು ಒಂದು ಮಾಡ್ತವೆ. ಇವ್ನು ಬೆಚ್ಚಲೂ ಇಲ್ಲ."

ಅದನ್ನು ಬಾಯಿಬಿಟ್ಟು ಹೇಳಿದವನು ಅವನೇ ಮೊದಲು. ಅವಳಿಗೆ ಏನೂ ಅನಿಸಲಿಲ್ಲ. ಅವನು ತೋರಿಸಿದ ಮರದ ಬುಡದಲ್ಲಿ ಕೂತಳು. ಮನೆಮನೆಯಿಂದ ಪ್ರಾರ್ಥನೆಯ ಹಾಡು ಬರುತ್ತಿತ್ತು. ಅಂಗೈಯಲ್ಲಿದ್ದ ಇಯರ್‌ಫೋನಿನಿಂದ ಅವಳ ಹಾಡು ಹುಳುವಿನಂತೆ ಸಣ್ಣಗೆ ಗುಂಯ್‌ಗುಡುತ್ತಿತ್ತು. ಪ್ರಾರ್ಥನೆ ಮುಗಿಯಿತೆಂದು ಫಿಲಿಪೊ ಎದುರಿಗೇ ನಿಂತು ಮತ್ತೆ ಶಂಖ ಊದಿದಾಗ, ಉಬ್ಬಿದ ಅವನ ಕೆನ್ನೆಗಳನ್ನು ನೋಡಿ ಮರೆಕೊ ಕಿಲಕಿಲ ನಕ್ಕ.

ಫಿಲಿಪೊ ನಗಲಿಲ್ಲ. "ಮನೆಗೆ ಹೋಗಮ್ಮ," ಎಂದ.

ದಂಡದ ಸುದ್ದಿ ಅವಳಿಗಿಂತ ಮೊದಲೇ ಮನೆ ಮುಟ್ಟಿತ್ತು.

"ಆ ಹಾಡಿನ ಡಬ್ಬೀನ ಸಮುದ್ರಕ್ಕೆ ಎಸಿ ಅಂತ ಬಡ್ಕೊಂಡೆ," ಎಂದು ಶುರುಮಾಡಿದಳು ಮತಲೇನಾ. "ಊರ ಮುಂದೆ ನನ್ನ ಮಾನ—"

"ಅತ್ತೆ, ಮರೆಕೊಗೆ ಕಿವಿ ಕೇಳಿಸಲ್ಲ ಅನ್ಸುತ್ತೆ."

ಮತಲೇನಾ ಹೆಣೆಯುತ್ತಿದ್ದ ಓಲೆಯನ್ನು ತೊಡೆಯ ಮೇಲಿಟ್ಟು ಅದನ್ನೇ ಸವರಿದಳು.

"ನೀನು ಅದನ್ನ ಕಿವಿಗೆ ಹಾಕ್ಕೊಂಡು ಕೂತಿರ್ತಿದ್ಯಲ್ಲ," ಎಂದಳು ಕೊನೆಗೆ, "ಆಗ ನಾನು ಅವ್ನ ಹಿಂದೆ ಕೂತು ತಟ್ಟೆ ಬಡೀತಿದ್ದೆ. ದಿನಾ."

"ಮತ್ತೆ ಧೈರ್ಯಸ್ಥ, ಧೈರ್ಯಸ್ಥ ಅಂತಿದ್ರಿ?"

"ಇನ್ನೇನಂತ ಹೇಳ್ಲೇ ನಿಂಗೆ? ಮೊದ್ಲೇ ಕಲ್ಲಿನ ಥರ ಇದ್ದೆ."

ತಟ್ಟೆಯ ಸದ್ದು ತನಗೆ ಒಮ್ಮೆಯೂ ಕೇಳಿರಲಿಲ್ಲವಲ್ಲ ಎಂದುಕೊಂಡಳು ತೆಲೇಸಿಯಾ. ಅಳು ಬರಬಹುದೆಂದು ಕಾದಳು. ಬರಲಿಲ್ಲ.

ಬೆಳಿಗ್ಗೆ ಪ್ಲೇಯರನ್ನು ಸೊಂಟಕ್ಕೆ ಸಿಕ್ಕಿಸಲು ಹೋದ ಕೈಯನ್ನು ಹಿಂದಕ್ಕೆ ತೆಗೆದು ಫೋನು ಎತ್ತಿಕೊಂಡು ನರ್ಸು ಕೊಟ್ಟಿದ್ದ ನಂಬರು ಒತ್ತಿದಳು. ಅತ್ತೆ ಮಗುವನ್ನು ತೊಡೆಗೇರಿಸಿಕೊಂಡು ಹತ್ತಿರ ಬಂದು ಕೂತಳು.

"ಜೋರಾಗಿ ಮಾತಾಡು," ಎಂದಳು. "ನನಗೂ ಕೇಳ್ಲಿ."

ಆ ಕಡೆಯ ಹೆಂಗಸು ಮಗುವಿನ ಹೆಸರು ಕೇಳಿದಳು, ವಯಸ್ಸು ಕೇಳಿದಳು. ಆಮೇಲೆ, "ನೀವು ಹಿಂದಿನಿಂದ ಹೆಸರು ಹಿಡಿದು ಕರೆದ್ರೆ ತಿರುಗಿ ನೋಡ್ತಾನಾ?" ಎಂದಳು.

ತೆಲೇಸಿಯಾ ಮಗುವಿನ ಬೆನ್ನು ನೋಡಿದಳು. "ಮರೆಕೊ," ಎಂದು ಕರೆದಳು. ಗೋಡೆಯಿಲ್ಲದ ಮನೆಯಾಚೆ ಬಟ್ಟೆ ಹರವುತ್ತಿದ್ದ ಪಕ್ಕದ ಮನೆಯವಳು ತಿರುಗಿ ನೋಡಿದಳು.

"ಇಲ್ಲ," ಎಂದಳು ತೆಲೇಸಿಯಾ ಫೋನಿಗೆ. "ತಿರುಗಲ್ಲ. ಯಾವತ್ತು ಕರ್ಕೊಂಡು ಬರ್ಲಿ?"