ಇಪ್ಪತ್ತಮೂರು ಖಾಲಿ ಕವರುಗಳು

1996ರಲ್ಲಿ ನಾನು ವರ್ಜೀನಿಯಾದ ಫೇರ್‌ಫ್ಯಾಕ್ಸ್‌ನಲ್ಲಿ, ಮೂವರೇ ನೌಕರರಿದ್ದ ಒಂದು ಸಣ್ಣ ಖಾಸಗಿ ಸಂಗೀತ ಗ್ರಂಥಾಲಯದಲ್ಲಿ ಆರ್ಕೈವಿಸ್ಟ್ ಆಗಿದ್ದೆ. ಆಗ ನನಗೆ ನಲವತ್ತಮೂರು. ಅಲ್ಲಿನ ಕನ್ನಡಿಗರೆಲ್ಲ ಸಾಫ್ಟ್‌ವೇರ್‌ನವರು. ಯುಗಾದಿ ಊಟದಲ್ಲಿ ಹೊಸಬರು ಯಾರಾದರೂ "ನೀವು ಯಾವ ಪ್ಲಾಟ್‌ಫಾರ್ಮ್ ಮೇಲೆ ವರ್ಕ್ ಮಾಡ್ತೀರಿ ಸಾರ್?" ಎಂದು ಕೇಳಿದರೆ "ರಟ್ಟಿನ ಪೆಟ್ಟಿಗೆ" ಎನ್ನುತ್ತಿದ್ದೆ. ಅವರು ಅದನ್ನು ಯಾವುದೋ ಹೊಸ ಸಿಸ್ಟಮ್ ಎಂದುಕೊಂಡು ತಲೆಯಾಡಿಸುತ್ತಿದ್ದರು.

ಆರ್ಕೈವಿಸ್ಟ್ ಎಂದರೆ ಸತ್ತವರ ಕಾಗದಪತ್ರಗಳನ್ನು ಜೋಡಿಸಿ, ಯಾವ ಪೆಟ್ಟಿಗೆಯಲ್ಲಿ ಏನಿದೆ ಎಂಬ ಸೂಚಿ ಬರೆದಿಡುವವನು. ಚಿಂತೆ ಮಾಡುವವರಿಗೆ ಹೇಳಿ ಮಾಡಿಸಿದ ಕೆಲಸ. ಕಾಗದಕ್ಕೆ ತೇವ, ಬಿಸಿಲು, ಹುಳ ಯಾವುದೂ ಆಗದು, ನನಗೂ ಆಗದು. ಮನೆಯಿಂದ ಹೊರಟ ಮೇಲೆ ಸ್ಟವ್ ಆಫ್ ಮಾಡಿದೆನಾ ಎಂದು ನೋಡಲು ಬೆಲ್ಟ್‌ವೇ ಹೆದ್ದಾರಿಯ ತನಕ ಹೋಗಿ ವಾಪಸ್ ಬಂದವನು ನಾನು. ನಮ್ಮದು ಎಲೆಕ್ಟ್ರಿಕ್ ಸ್ಟವ್ ಎಂದು ಹೆಂಡತಿ ಜಯಂತಿ ಪ್ರತಿಸಲ ನೆನಪಿಸಬೇಕಾಗಿತ್ತು.

ಆ ಮಾರ್ಚ್‌ನಲ್ಲಿ ನಮಗೆ ಓರಿನ್ ಟ್ಯಾಲ್ಬರ್ಟ್ ಎಂಬ ಗೀತ ಸಂಯೋಜಕರ ಕಾಗದಪತ್ರಗಳು ಬಂದವು. ಹಿಂದಿನ ಚಳಿಗಾಲ ಅವರು ತೀರಿಕೊಂಡಿದ್ದರು. ಜಾರ್ಜಿಯಾದ ಲಾರೆನ್ಸ್‌ವಿಲ್‌ನಲ್ಲಿದ್ದ ಅವರ ತಮ್ಮನ ಮಗ ಗರಾಜು ಖಾಲಿ ಮಾಡುವ ಅವಸರದಲ್ಲಿ ಹನ್ನೊಂದು ಪೆಟ್ಟಿಗೆಗಳನ್ನು ನಮಗೆ ದಾನ ಮಾಡಿದ. ನಾನೇ ವ್ಯಾನ್ ತೆಗೆದುಕೊಂಡು ಹೋಗಿ ತಂದೆ. ಎರಡು ಕೆರೊಲಿನಾಗಳನ್ನೂ ದಾಟುವ ಹತ್ತು ಗಂಟೆಯ ದಾರಿಯಲ್ಲಿ ಆರು ಸಲ ನಿಲ್ಲಿಸಿ ಹಿಂಬಾಗಿಲು ಮುಚ್ಚಿದೆಯೇ ಎಂದು ನೋಡಿದೆ. ಮುಚ್ಚಿತ್ತು.

ಟ್ಯಾಲ್ಬರ್ಟ್ ಸೌತ್ ಕೆರೊಲಿನಾದ ಹತ್ತಿ ಗಿರಣಿ ಊರಿನವರು. ಚರ್ಚಿನ ಪಿಯಾನೊದಲ್ಲಿ ಕೈ ಪಳಗಿಸಿಕೊಂಡು ಅಟ್ಲಾಂಟಾಕ್ಕೆ ಹೋಗಿ, ರೇಡಿಯೊದಲ್ಲಿ ಸೋಪು, ಹಿಟ್ಟಿನ ಜಾಹೀರಾತುಗಳಿಗೆ ರಾಗ ಕಟ್ಟಿದರು. ಐವತ್ತರ ದಶಕದಲ್ಲಿ ಗಾಯಕರು ಅವರ ಹಾಡುಗಳನ್ನು ಹುಡುಕಿಕೊಂಡು ಬರತೊಡಗಿದರು. ‘ನಿನ್ನ ಕೊಡೆ ಇನ್ನೂ ನನ್ನ ಬಳಿಯಿದೆ’ ಎಂಬರ್ಥದ ಹಾಡೊಂದು ಎಷ್ಟು ಹಬ್ಬಿತೆಂದರೆ ದಕ್ಷಿಣದ ಮದುವೆ ಮನೆಗಳಲ್ಲಿ ಅದಿಲ್ಲದೆ ಕೇಕ್ ಕತ್ತರಿಸುತ್ತಿರಲಿಲ್ಲವಂತೆ. ಆಮೇಲೆ ಗಿಟಾರಿನ ಕಾಲ ಬಂತು. ಟ್ಯಾಲ್ಬರ್ಟ್ ಕೊನೆಯ ಇಪ್ಪತ್ತು ವರ್ಷ ಒಂದು ಹೋಟೆಲಿನ ಲಾಬಿಯಲ್ಲಿ, ಸಾಮಾನು ಎಳೆದುಕೊಂಡು ಹೋಗುವವರ ನಡುವೆ ಪಿಯಾನೊ ನುಡಿಸಿದರು. ಒಟ್ಟು ನಲವತ್ತೊಂದು ಹಾಡು ಅಚ್ಚಾಗಿದ್ದವು. ಎಲ್ಲದರ ಮೇಲೂ ಒಂದೇ ಹೆಸರು.

ಆ ಕಾಲದ ಹಾಡಿನ ಕಟ್ಟು ಸರಳ. ಒಂದು ಸಾಲಿನ ರಾಗ ಎರಡು ಸಲ ಬರುತ್ತದೆ. ಆಮೇಲೆ ಎಂಟು ತಾಳಾವರ್ತದಷ್ಟು ಬೇರೊಂದು ರಾಗ ಬಂದು, ಮತ್ತೆ ಮೊದಲಿನದಕ್ಕೇ ಮರಳುತ್ತದೆ. ನಡುವಿನ ಆ ಭಾಗಕ್ಕೆ ಬ್ರಿಜ್ ಎನ್ನುತ್ತಾರೆ. ಮನೆಗೆ ಬಂದ ನೆಂಟರು ಹೊರಡುವ ಮುಂಚೆ ಬಾಗಿಲಲ್ಲಿ ನಿಂತು ಆಡುವ ಮಾತಿನಂತೆ, ನೆನಪಿನಲ್ಲಿ ಉಳಿಯುವುದು ಸಾಮಾನ್ಯವಾಗಿ ಅದೇ.

ಪೆಟ್ಟಿಗೆಗಳಲ್ಲಿ ಕ್ಲಿಪ್ ಹಾಕಿದ ಇಪ್ಪತ್ತಮೂರು ಕಂತೆಗಳಿದ್ದವು. ಪ್ರತಿಯೊಂದರಲ್ಲೂ ಮೂರು ವಸ್ತು: ಟ್ಯಾಲ್ಬರ್ಟ್ ಶಾಯಿಯಲ್ಲಿ ಬರೆದು, ಮೂಲೆಯಲ್ಲಿ ತಾರೀಖು ಹಾಕಿದ ಪೂರ್ತಿ ಹಾಡು, ಇನ್ಯಾರೋ ಪೆನ್ಸಿಲಿನಲ್ಲಿ ಅದರ ಬ್ರಿಜ್ ಮಾತ್ರ ಬರೆದ ಹಾಳೆ, ಅಂಚೆಯಲ್ಲಿ ಬಂದ, ಕಳಿಸಿದವರ ಹೆಸರಿಲ್ಲದ ಒಂದು ಖಾಲಿ ಕವರು. ನಮ್ಮ ವೃತ್ತಿಯಲ್ಲಿ ಮೊದಲ ಪಾಠವೇ ಮೂಲ ಕ್ರಮ. ಕಾಗದದ ಯಜಮಾನ ಹೇಗೆ ಇಟ್ಟಿದ್ದನೋ ಹಾಗೇ ಇರಲಿ, ನಿನ್ನ ಜಾಣತನ ಬೇಡ ಎಂದರ್ಥ. ಎರಡನೆಯ ಪಾಠ, ಕಬ್ಬಿಣದ ಕ್ಲಿಪ್ ತೆಗೆಯಬೇಕು, ತುಕ್ಕು ಕಾಗದವನ್ನು ತಿನ್ನುತ್ತದೆ. ನಾನು ಎರಡನೆಯದನ್ನು ಶ್ರದ್ಧೆಯಿಂದ ಪಾಲಿಸಿ ಮೊದಲನೆಯದನ್ನು ಮರೆತೆ. ಮೈಸೂರಿನ ಗ್ರಂಥಾಲಯದಲ್ಲಿ ಕೆಲಸ ಕಲಿತವನಿಗೆ ಮೂರು ಜಾತಿಯ ಕಾಗದ ಒಟ್ಟಿಗಿದ್ದರೆ ಕೈ ತುರಿಸುತ್ತದೆ. ಶಾಯಿಯ ಹಾಳೆಗಳಿಗೆ ಒಂದು ಪೆಟ್ಟಿಗೆ, ಪೆನ್ಸಿಲಿನವಕ್ಕೆ ಇನ್ನೊಂದು. ಸೂಚಿಯಲ್ಲಿ ಪೆನ್ಸಿಲಿನವರನ್ನು ‘ನಕಲುಗಾರರು, ಹೆಸರು ತಿಳಿದಿಲ್ಲ’ ಎಂದು ಬರೆದೆ. ಖಾಲಿ ಕವರುಗಳನ್ನು ಎಸೆಯಬಹುದೆಂದು ನಮ್ಮ ಕೈಪಿಡಿಯಲ್ಲೇ ಇತ್ತು. ಮೇಲಧಿಕಾರಿ ಪೆಗ್ ಅನುಮತಿಯ ಚೀಟಿಗೆ ಸಹಿ ಹಾಕಿದರು.

ಆದರೆ ನಾನು ಎಸೆಯಲಿಲ್ಲ. ದಪ್ಪನೆಯ ಕೆನೆಬಣ್ಣದ ಕಾಗದ, ಒಳಮೈಯಲ್ಲಿ ಒಂದು ಗೀಟೂ ಇಲ್ಲ. ನಮ್ಮ ಮನೆಯಲ್ಲಿ ಕವರನ್ನು ಹಾಗೇ ಬಿಸಾಡಿದವರಿಲ್ಲ. ಅಪ್ಪ ಬಂದ ಪ್ರತಿ ಕವರನ್ನೂ ಬ್ಲೇಡಿನಿಂದ ಮೂರು ಕಡೆ ಸೀಳಿ, ಒಳಮೈ ಹೊರಗಾಗಿ ಮಡಿಸಿ, ಲೆಕ್ಕ ಬಿಡಿಸಲು ನಮಗೆ ಕೊಡುತ್ತಿದ್ದರು. ನಾನು ಇಪ್ಪತ್ತಮೂರನ್ನೂ ಬ್ಯಾಗಿಗೆ ಹಾಕಿಕೊಂಡು ಮನೆಗೆ ತಂದು, ಹಾಗೇ ಸೀಳಿ, ಫ್ರಿಜ್ಜಿನ ಮೇಲೆ ಮ್ಯಾಗ್ನೆಟ್ಟಿಗೆ ಸಿಕ್ಕಿಸಿದೆ. ಜಯಂತಿ ಒಂದನ್ನು ಮುಟ್ಟಿ ನೋಡಿ "ಪೇಪರ್ ಚೆನ್ನಾಗಿದೆ ರೀ, ಇಂಕ್ ಹರಡಲ್ಲ" ಎಂದಳು. ಜೀವಮಾನದಲ್ಲಿ ಯಾವ ಚಿಂತೆಯೂ ಇಲ್ಲದೆ ಕಳೆದ ಕೆಲವೇ ಸಂಜೆಗಳಲ್ಲಿ ಅದೂ ಒಂದು.

ಅಕ್ಟೋಬರ್‌ನ ಒಂದು ಶುಕ್ರವಾರ ಓದುಕೋಣೆಗೆ ಎಪ್ಪತ್ತು ದಾಟಿದ ಒಬ್ಬ ಹೆಂಗಸು ಬಂದರು. ಸೌತ್ ಕೆರೊಲಿನಾದಿಂದ ಒಬ್ಬರೇ ಕಾರು ನಡೆಸಿಕೊಂಡು ಬಂದಿದ್ದರು. ಹೆಸರು ವರ್ನಾ, ಎಲ್ಲರೂ ಮಿಸ್ ವರ್ನಾ ಎನ್ನುತ್ತಾರೆ, ನೀವೂ ಹಾಗೇ ಅನ್ನಿ ಎಂದರು. ತಮ್ಮೂರಿನ ಚರ್ಚಿನಲ್ಲಿ ನಲವತ್ತು ವರ್ಷ ಆರ್ಗನ್ ನುಡಿಸಿದವರು. ಟ್ಯಾಲ್ಬರ್ಟ್ ಸಂಗ್ರಹ ತೆರೆದಿದೆ ಎಂದು ಪತ್ರಿಕೆಯಲ್ಲಿ ಓದಿದ್ದರಂತೆ. ನಾನು ಸೂಚಿ ಕೊಟ್ಟೆ. ಅವರು ಕನ್ನಡಕ ಏರಿಸಿ ಎರಡನೇ ಪುಟದ ಮೇಲೆ ಬೆರಳಿಟ್ಟರು.

"ಇದು ಯಾರು, ನಕಲುಗಾರರು?"

"ಪೆನ್ಸಿಲ್ ಹಾಳೆ ಬರೆದವರು. ಯಾರೂಂತ ಗೊತ್ತಾಗಿಲ್ಲ."

"ಈಗ ಗೊತ್ತಾಯ್ತಲ್ಲ. ಆದರೆ ನಾನು ನಕಲು ಮಾಡಿದವಳಲ್ಲ, ಮಿಸ್ಟರ್ ಹ್ಯಾರಿ." ನರಹರಿ ಎಂಬ ನನ್ನನ್ನು ಪೆಗ್ ಹ್ಯಾರಿ ಮಾಡಿದ್ದರು, ಕೊರಳಿನ ಬಿಲ್ಲೆಯಲ್ಲೂ ಅದೇ ಇತ್ತು.

ಅವರು ದನಿ ಏರಿಸದೆ ಹೇಳಿದ್ದಿಷ್ಟು. ಓರಿನ್‌ಗೆ ಹಾಡು ಶುರು ಮಾಡಲು ಬರುತ್ತಿತ್ತು, ನಡುವೆ ಸಿಕ್ಕಿಹಾಕಿಕೊಳ್ಳುತ್ತಿದ್ದ. ಮೊದಲ ಭಾಗವನ್ನು ಫೋನಿನಲ್ಲಿ ಗುನುಗುತ್ತಿದ್ದ. ಅವರು ಬ್ರಿಜ್ ಕಟ್ಟಿ, ಪೆನ್ಸಿಲಿನಲ್ಲಿ ಬರೆದು, ಅಂಚೆಗೆ ಹಾಕುತ್ತಿದ್ದರು. ಚರ್ಚಿನ ಆರ್ಗನಿಸ್ಟ್ ನೃತ್ಯದ ಹಾಡು ಬರೆಯುತ್ತಾಳೆಂದು ಗೊತ್ತಾದರೆ ಕೆಲಸ ಹೋಗುತ್ತಿತ್ತು, ಹಾಗಾಗಿ ಹೆಸರು ಬೇಡವೆಂದು ಅವರೇ ಅಂದಿದ್ದರು.

"ಅಕ್ಕ ಇರೋತನಕ ಅವಳೊಬ್ಬಳಿಗೆ ಗೊತ್ತಿತ್ತು. ಈಗ ಯಾರಿಗೂ ಗೊತ್ತಿಲ್ಲ. ನನ್ನ ಹೆಸರು ಎಲ್ಲಾದರೂ ಒಂದು ಕಡೆ ಇರಲಿ ಅಂತ ಬಂದೆ, ಅಷ್ಟೆ. ಓರಿನ್ ಮಾತು ಕೊಟ್ಟಿದ್ದ. ನಿನ್ನ ಹಾಳೆ ಜೊತೆ ನಿನ್ನ ಕವರೂ ಇಡ್ತೀನಿ ವರ್ನಾ, ಅಂಚೆ ಮುದ್ರೆ ಸುಳ್ಳು ಹೇಳಲ್ಲ ಅಂದಿದ್ದ. ಕವರುಗಳನ್ನ ಕೊಡ್ತೀರಾ?"

ನನಗೆ ಎಲ್ಲವೂ ಒಮ್ಮೆಗೇ ಅರ್ಥವಾಯಿತು. ಮುದ್ರೆಯ ದಿನ ಶಾಯಿಯ ತಾರೀಖಿಗಿಂತ ಮುಂಚಿನದಾಗಿದ್ದರೆ ಬ್ರಿಜ್ ಅವರ ಊರಿನಿಂದಲೇ ಬಂತೆಂದು ಯಾರಾದರೂ ಒಪ್ಪಲೇಬೇಕು. ಸ್ಟವ್ ಬಗ್ಗೆ ನಡುಗುವವನು ಆಗ ನಡುಗಲಿಲ್ಲ. ದಂತವೈದ್ಯರು ಇಂಜೆಕ್ಷನ್ ಕೊಟ್ಟ ಮೇಲೆ ನಮ್ಮದೇ ತುಟಿ ಬೇರೆಯವರದ್ದು ಅನಿಸುತ್ತದಲ್ಲ, ಇಡೀ ಮೈ ಹಾಗಾಗಿತ್ತು.

"ಹುಡುಕಬೇಕು. ಮಂಗಳವಾರದೊಳಗೆ ಹೇಳ್ತೀನಿ" ಎಂದು ಆ ಬೇರೆಯವರ ತುಟಿ ಹೇಳಿತು. ಅವರು ಸೋದರ ಸೊಸೆಯ ಮನೆಯಲ್ಲಿ ಕಾಯುತ್ತೇನೆಂದು ಹೊರಟರು. ಪೆಗ್ ತಮ್ಮ ಕೋಣೆಯಿಂದ ಎಲ್ಲ ಕೇಳಿಸಿಕೊಂಡಿದ್ದರು. "ಪಾಪ, ನಿಜವೇ ಇರಬಹುದು ಹ್ಯಾರಿ. ಆದರೆ ಮಾತಿನ ಮೇಲೆ ಸೂಚಿ ಬದಲಾಯಿಸೋಕಾಗಲ್ಲ" ಎಂದರು. ಕವರು ಎಲ್ಲಿದೆ ಎಂದು ಅವರು ಕೇಳಲಿಲ್ಲ. ಎಸೆದಾಯಿತೆಂದೇ ಅವರ ನಂಬಿಕೆ.

ಶನಿವಾರ ಬೆಳಿಗ್ಗೆ ಅಡುಗೆಮನೆಯನ್ನು ಬುಡಮೇಲು ಮಾಡಿದೆ. ಫ್ರಿಜ್ಜಿನ ಮೇಲೆ ಪಟ್ಟಿ ಬರೆದಿದ್ದ ಎರಡು ಉಳಿದಿದ್ದವು.

"ಬಾಕಿದು ಎಲ್ಲಿ?"

"ಬಾಕಿದು ಅಂದ್ರೆ? ಗ್ರೋಸರಿ ಲಿಸ್ಟ್ ಯಾರಾದ್ರೂ ಪ್ರಿಸರ್ವ್ ಮಾಡ್ತಾರೇನ್ರೀ? ಶಾಪಿಂಗ್ ಮುಗೀತು, ಟ್ರ್ಯಾಶ್‌ಗೆ ಹಾಕ್ದೆ."

"ಎಷ್ಟು ಹಾಕಿದೆ?"

"ಕೌಂಟ್ ಮಾಡಿಲ್ಲ. ನೀವು ಖಾಲಿ ಕವರು ಅಂತ ತಾನೇ ತಂದಿದ್ದು?"

ಹೇಳಿದೆ. ಅವಳು ಸೌಟು ಕೆಳಗಿಟ್ಟಳು. "ಅಯ್ಯೋ, ಆಕೆ ಅಷ್ಟು ದೂರ ಒಬ್ಬರೇ ಡ್ರೈವ್ ಮಾಡ್ಕೊಂಡು ಬಂದಿದ್ದಾರಾ?" ಎಂದಷ್ಟೇ ಕೇಳಿ, ಸ್ಟವ್ ಆಫ್ ಮಾಡಿ, ನನಗಿಂತ ಚುರುಕಾಗಿ ಹುಡುಕತೊಡಗಿದಳು. ಮಸಾಲೆ ಡ್ರಾಯರಿನ ತಳದಲ್ಲಿ ಒಂದು. ಕಾರಿನ ಗ್ಲವ್ ಬಾಕ್ಸಿನಲ್ಲಿ ಎರಡು. ದೇವರ ಗೂಡಿನಲ್ಲಿ ಎಣ್ಣೆ ಬಟ್ಟಲಿನ ಕೆಳಗೆ ಒಂದು. ರಂಗೋಲಿಯ ಚುಕ್ಕಿ ಅಭ್ಯಾಸ ಮಾಡಿದ್ದು ಒಂದು. ಅವಳ ಚಳಿಗಾಲದ ಕೋಟಿನ ಜೇಬಿನಲ್ಲಿ ಒಂದು. ಎಂಟಾಯಿತು. ಆಮೇಲೆ ಅವಳಿಗೆ ಥಟ್ಟನೆ ನೆನಪಾಗಿ ಪಕ್ಕದ ಕಾಂಪ್ಲೆಕ್ಸಿನ ಪದ್ಮಾ ಆಂಟಿಗೆ ಫೋನ್ ಮಾಡಿದಳು.

"ಆಂಟಿ, ಬಿಸಿಬೇಳೆ ಭಾತ್ ರೆಸಿಪಿ ಬರೆದುಕೊಟ್ಟಿದ್ನಲ್ಲ, ಆ ಪೇಪರ್ ಇದ್ಯಾ? ಅದು ವಾಪಸ್ ಬೇಕಿತ್ತು."

ಆ ಕಡೆಯ ದನಿ ನನಗೂ ಕೇಳಿಸಿತು. "ಯಾಕಮ್ಮಾ, ಸೀಕ್ರೆಟ್ಟಾ? ಅಷ್ಟೇನೂ ಚೆನ್ನಾಗಿ ಬರಲಿಲ್ಲ ಬಿಡು. ಕಾಪಿ ಮಾಡ್ಕೊಂಡು ಕೊಡ್ತೀನಿ, ನಿಮ್ಮೆಜಮಾನ್ರನ್ನ ಕಳಿಸು."

ಒಂಬತ್ತು. ಕಸದ ಗಾಡಿ ಹದಿನಾಲ್ಕನ್ನು ತೆಗೆದುಕೊಂಡು ಹೋಗಿತ್ತು.

ಸೋಮವಾರ ಅವನ್ನು ಪೆಗ್ ಮೇಜಿನ ಮೇಲೆ ಸಾಲಾಗಿ ಇಟ್ಟು ನಡೆದದ್ದನ್ನು ಹೇಳಿದೆ. ಅವರು ಒಂದೊಂದನ್ನೂ ತಿರುಗಿಸಿ ನೋಡಿದರು. ಆಮೇಲೆ ಭೂತಗನ್ನಡಿ ತಂದರು. ಹಳೇ ಕ್ಲಿಪ್ಪು ತನ್ನ ಆಕಾರವನ್ನೇ ಕಾಗದದ ಮೇಲೆ ತುಕ್ಕಿನಲ್ಲಿ ಬರೆದಿಟ್ಟಿರುತ್ತದೆ, ಎರಡು ಕ್ಲಿಪ್ಪು ಒಂದೇ ತರಹ ತುಕ್ಕು ಹಿಡಿಯುವುದಿಲ್ಲ. ಒಂದೊಂದೇ ಕವರಿನ ಅಂಚಿನ ಕಲೆಯನ್ನು ಪೆನ್ಸಿಲ್ ಹಾಳೆಗಳ ಕಲೆಗೆ ತಾಳೆ ಹಾಕಿದೆವು. ಸಂಜೆ ಐದರ ಹೊತ್ತಿಗೆ ಒಂಬತ್ತಕ್ಕೂ ಜೋಡಿ ಸಿಕ್ಕಿತು. ಒಂಬತ್ತರಲ್ಲೂ ಮಿಸ್ ವರ್ನಾ ಊರಿನ ಅಂಚೆ ಮುದ್ರೆ ಟ್ಯಾಲ್ಬರ್ಟ್ ಹಾಕಿದ ತಾರೀಖಿಗಿಂತ ಕೆಲವು ದಿನ ಹಿಂದಿನದು. ಕೊಡೆಯ ಹಾಡು ಆ ಒಂಬತ್ತರಲ್ಲಿರಲಿಲ್ಲ.

"ನಿನ್ನ ಫೈಲಿನಲ್ಲಿ ಒಂದು ಎಚ್ಚರಿಕೆ ಪತ್ರ ಇಡಬೇಕಾಗುತ್ತೆ" ಎಂದರು ಪೆಗ್. ಎರಡನೆಯ ಪತ್ರವಾದರೆ ಕೆಲಸ ಹೋಗುತ್ತದೆಂಬುದು ನನಗೆ ಗೊತ್ತಿತ್ತು. ಇಂಥ ಒಂದು ಪತ್ರವನ್ನು ಊಹಿಸಿಕೊಂಡೇ ನಾನು ಹಲವು ವರ್ಷ ನಿದ್ದೆಗೆಟ್ಟಿದ್ದೆ. ನಿಜವಾಗಿ ಬಂದಾಗ ಸರಿ ಎಂದು ಸಹಿ ಹಾಕಿ, ಪೆನ್ನು ವಾಪಸ್ ಕೊಟ್ಟೆ.

ಮಂಗಳವಾರ ಮಿಸ್ ವರ್ನಾ ಬಂದರು. ಒಂಬತ್ತು ಹಾಡಿಗೆ ‘ಬ್ರಿಜ್‌ನ ಸಂಯೋಜಕರು’ ಎಂದು ಅವರ ಹೆಸರು ಹಾಕಿದ ಹೊಸ ಸೂಚಿಯನ್ನು ಅವರ ಮುಂದಿಟ್ಟು, ಉಳಿದ ಹದಿನಾಲ್ಕನ್ನು ಕಳೆದದ್ದು ನಾನೇ ಎಂದು ಹೇಳಿದೆ. ಅವರು ಪುಟವನ್ನು ಮೇಲಿನಿಂದ ಕೆಳಕ್ಕೆ ಎರಡು ಸಲ ಓದಿದರು.

"ಕೊಡೆ ಇಲ್ಲ."

"ಇಲ್ಲ."

"ಅದನ್ನೇ ನೋಡಬೇಕಿತ್ತು ನನಗೆ."

ನಾನು ಒಂಬತ್ತು ಕವರುಗಳನ್ನು ಅವರ ಮುಂದೆ ಸರಿಸಿದೆ. ಅವರು ಒಂದು ಕವರನ್ನು ತಿರುಗಿಸಿ, ಒಳಮೈಯ ಕನ್ನಡ ಅಕ್ಷರಗಳನ್ನು ನೋಡಿದರು.

"ಏನಿದು?"

"ನನ್ನ ಹೆಂಡತಿಯ ಪಟ್ಟಿ. ಕೊತ್ತಂಬರಿ ಸೊಪ್ಪು, ಹಸಿಮೆಣಸಿನಕಾಯಿ, ಹಾಲು."

"ಹಾಲಿಗೆ ಎರಡು ಗೆರೆ ಎಳೆದಿದ್ದಾರಲ್ಲ. ತಂದ್ರಾ?"

"ನೆನಪಿಲ್ಲ."

"ತಂದಿರಲ್ಲ ನೀವು" ಎಂದು ಅವರು ಕವರನ್ನು ಮೆಲ್ಲಗೆ ಕೆಳಗಿಟ್ಟರು. ಕ್ಷಮಿಸಿದೆ ಎನ್ನಲಿಲ್ಲ, ಬೈಯಲೂ ಇಲ್ಲ. ಸೂಚಿಯ ಒಂದು ಪ್ರತಿ ಕೇಳಿ ಪಡೆದು, ಮಡಿಸದೆ, ಎರಡು ಕೈಯಲ್ಲಿ ಹಿಡಿದುಕೊಂಡು ಕಾರಿನವರೆಗೆ ನಡೆದರು.

ಆ ಮಧ್ಯಾಹ್ನ ಪೆಗ್ ಅವರ ಅನುಮತಿ ಪಡೆದು ಸೂಚಿಯ ಮೊದಲ ಪುಟಕ್ಕೆ ಒಂದು ಟಿಪ್ಪಣಿ ಸೇರಿಸಿದೆ. ‘ಕೊಡೆ’ಯೂ ಸೇರಿದಂತೆ ಹದಿನಾಲ್ಕು ಹಾಡುಗಳ ಮೂಲ ಕ್ರಮವನ್ನೂ ಕವರುಗಳನ್ನೂ ಜೋಡಣೆ ಮಾಡಿದ ಆರ್ಕೈವಿಸ್ಟ್ 1996ರಲ್ಲಿ ನಾಶ ಮಾಡಿದ್ದಾನೆ, ಇವುಗಳ ಬ್ರಿಜ್‌ಗಳನ್ನೂ ತಾನೇ ಸಂಯೋಜಿಸಿದ್ದಾಗಿ ಮಿಸ್ ವರ್ನಾ ತಿಳಿಸಿದ್ದಾರೆ, ಅದನ್ನು ಅಲ್ಲಗಳೆಯುವ ಯಾವ ಆಧಾರವೂ ಈ ಸಂಗ್ರಹದಲ್ಲಿಲ್ಲ. ಕೆಳಗೆ ನನ್ನ ಪೂರ್ತಿ ಹೆಸರು, ನರಹರಿ ಎಂದೇ. ನನ್ನ ವೃತ್ತಿಜೀವನದಲ್ಲಿ ನಾನು ಬರೆದು, ಹೆಸರು ಹಾಕಿದ ಒಂದೇ ವಾಕ್ಯವೆಂದರೆ ಅದು.

ಮನೆಗೆ ಬಂದು ಎಲ್ಲವನ್ನೂ ಜಯಂತಿಗೆ ಹೇಳಿದೆ. ಕವರಿನ ಎರಡೂ ಮೈಯಲ್ಲಿ ಏನಿದೆಯೋ ಅದನ್ನೆಲ್ಲ ಸೂಚಿಯಲ್ಲಿ ಬರೆಯಬೇಕು, ಹಾಗಾಗಿ ಅವಳ ಪಟ್ಟಿಯೂ ಶಾಶ್ವತವಾಯಿತು ಎಂದೆ.

"ಏನಂತ ಬರ್ದಿದ್ದೀರಿ?"

"ಕನ್ನಡದಲ್ಲಿ ದಿನಸಿ ಪಟ್ಟಿ, ಬರೆದವರ ಹೆಸರು ತಿಳಿದಿಲ್ಲ ಅಂತ. ಫಾರ್ಮ್ಯಾಟ್ ಹಾಗೇ ಇರೋದು."

ಅವಳು ಚಪಾತಿ ತಿರುವಿ ಹಾಕಿ, ನನ್ನ ಕಡೆ ನೋಡದೆ ಕೇಳಿದಳು: "ತಿಳಿದಿಲ್ವಾ?"

ಈ ಕೆಲಸ ನನಗೆ ಕಲಿಸಿದ್ದು ಅದೊಂದೇ ಪ್ರಶ್ನೆ. ಕಾಗದ ಬಿಡಿಸುವ ಮುಂಚೆ, ಕ್ಲಿಪ್ ತೆಗೆಯುವ ಮುಂಚೆ, ಖಾಲಿ ಎಂದು ಬದಿಗಿಡುವ ಮುಂಚೆ ಅದನ್ನು ಕೇಳಿಕೊಳ್ಳುತ್ತೇನೆ. ಮಾರನೇ ದಿನ ಅರ್ಧ ಗಂಟೆ ಮುಂಚೆಯೇ ಆಫೀಸಿಗೆ ಹೋದೆ. ಸ್ಟವ್ ನೋಡಲು ವಾಪಸ್ ಬರಲಿಲ್ಲ. ಕೋಟು ತೆಗೆಯುವ ಮೊದಲೇ ಕುಳಿತು, ಸೂಚಿಯಲ್ಲಿ ಒಂಬತ್ತು ಕವರುಗಳ ಎದುರಿಗೂ ಬರೆದವರು ಎಂದು ಜಯಂತಿಯ ಹೆಸರು ಹಾಕಿದೆ.